ಒಬ್ಬನೇ ಹೋಗುವ ದೋಣಿ

ನನಗೆ ಸಂಶಯ ಹುಟ್ಟಲು ದೊಡ್ಡ ಕಾರಣವೇನೂ ಬೇಕಾಗಿಲ್ಲ. ಹೋಟೆಲಿನಲ್ಲಿ ಚಹಾ ತಂದವನು ಎರಡು ಸಲ ನಕ್ಕರೆ ಲೋಟ ಎತ್ತಿ ತಳ ನೋಡುವ ಸ್ವಭಾವ ನನ್ನದು. ಕಡಬ ಪೇಟೆಯಲ್ಲಿ ಪಂಪ್‌ಸೆಟ್ ರಿಪೇರಿ ಮಾಡಿಕೊಂಡು ಬಂದವನಿಗೆ ಇದು ತಾನಾಗಿ ಅಂಟಿಕೊಳ್ಳುತ್ತದೆ. ಮೋಟರಿಗೆ ಏನೂ ಆಗಿಲ್ಲ, ಸುಮ್ಮನೆ ನಿಂತಿತು ಎಂದು ಆಣೆ ಹಾಕಿದವರ ಮೋಟರು ಬಿಚ್ಚಿದರೆ ಒಳಗಿನಿಂದ ಸುಟ್ಟ ಹಲ್ಲಿ ಹೊರಬಿದ್ದದ್ದುಂಟು. ಹಾಗಾಗಿ ಯಾರಾದರೂ ಏನೂ ಆಗಿಲ್ಲ ಎಂದ ಕೂಡಲೇ ನನ್ನ ಕೈ ಸ್ಕ್ರೂಡ್ರೈವರ್ ಹುಡುಕುತ್ತದೆ. ಆದರೂ ಮದುವೆಯಾಗಿ ಇಷ್ಟು ವರ್ಷಗಳಲ್ಲಿ ಹೆಂಡತಿಯ ಮೇಲೆ ಸಂಶಯಪಟ್ಟದ್ದು ಇದೇ ಮೊದಲು. ಅದೂ ಅವಳು ಏನೋ ಹೇಳಿದಳೆಂದಲ್ಲ, ಹೇಳಬೇಕಾದ ಒಂದು ಮಾತನ್ನು ಹೇಳದೆ ಬಿಟ್ಟಳೆಂದು.

ಕೋಡಿಂಬಾಳದ ನಮ್ಮ ಮನೆಯಿಂದ ಸಮುದ್ರ ನೋಡಬೇಕಾದರೆ ಬಸ್ಸು ಬದಲಿಸಿ ಮಂಗಳೂರಿಗೆ ಹೋಗಬೇಕು. ಹಾಗಿದ್ದೂ ಮನೆ ಹಿಂದೆ, ರಬ್ಬರ್ ಶೀಟು ಒಣಗಿಸುತ್ತಿದ್ದ ಶೆಡ್ಡಿನಲ್ಲಿ ನಾನೊಂದು ಹಾಯಿದೋಣಿ ಕಟ್ಟಿದ್ದೇನೆ. ಮನೆಯಲ್ಲೇ ಕಟ್ಟಿದ ಪುಟ್ಟ ದೋಣಿಯಲ್ಲಿ ಒಬ್ಬನೇ ಭೂಮಿ ಸುತ್ತಿ ಬಂದವನ ವಿಡಿಯೋ ಮೊಬೈಲಿನಲ್ಲಿ ನೋಡಿದ್ದೇ ಇದಕ್ಕೆಲ್ಲ ಕಾರಣ. ಬೇರೆಯವರಿಗೆ ಅದರಲ್ಲಿ ಅಲೆ, ಬಿರುಗಾಳಿ ಕಂಡಿರಬಹುದು. ನನಗೆ ಕಂಡದ್ದು ‘ಒಬ್ಬನೇ’ ಎಂಬ ಶಬ್ದ. ತೋಟ ಒಣಗುತ್ತದೆ, ಪಂಪು ಇವತ್ತೇ ಬೇಕು ಎಂದು ಗೋಳು ಹೊಯ್ಯಲು ನಡುಸಮುದ್ರಕ್ಕೆ ಯಾರೂ ಬರುವುದಿಲ್ಲ. ಊರಿನವರು ಮನಸಾರೆ ನಕ್ಕರು. ನನ್ನವಳು, ಸುಜಾತ, ನಗಲೂ ಇಲ್ಲ, ಬೈಯಲೂ ಇಲ್ಲ. ಐವರ್ನಾಡಿನಲ್ಲಿರುವ ಅವಳ ಅಣ್ಣ ವಸಂತ ಭಾವನಂತೂ ಪಿಕಪ್ಪಿನಲ್ಲಿ ಹೆಬ್ಬಲಸಿನ ಹಲಗೆ ತುಂಬಿಸಿಕೊಂಡು ಬಂದು, ತಾವೇ ಇಳಿಸಿ, ಚಹಾ ಕೂಡ ಕುಡಿಯದೆ ಹೋದರು. ಹಿಂದೊಮ್ಮೆ ಒಂದು ಹಾರೆ ಕೊಟ್ಟು, ನಾನು ಮನೆ ಮುಟ್ಟುವ ಮೊದಲೇ ಅದನ್ನು ಯಾವಾಗ ತರುತ್ತೀರಿ ಎಂದು ಫೋನು ಮಾಡಿದ ಮನುಷ್ಯ ಇವರು. ನಾನು ಅಂದೇ ಎಚ್ಚರಗೊಳ್ಳಬೇಕಿತ್ತು.

ದೋಣಿಯನ್ನು ಹೊಳೆಗಿಳಿಸಿ ನೋಡಿದೆ. ತೇಲಿತು. ಒಳಗೆ ಸ್ವಲ್ಪ ನೀರು ಬಂತು, ನಿಜ. ಒಬ್ಬನೇ ಇರುವಾಗ ಕೈಗೂ ಏನಾದರೂ ಕೆಲಸ ಬೇಕಲ್ಲ, ಮೊಗೆದು ಚೆಲ್ಲಿದರಾಯಿತು ಎಂದುಕೊಂಡು ಮನೆಗೆ ಬಂದೆ. ಸುಜಾತ ತೊಂಡೆಕಾಯಿ ಹೆಚ್ಚುತ್ತಿದ್ದಳು. ಮಳೆಗಾಲ ಮುಗಿದ ಮೇಲೆ ಹೊರಡುವುದೇ ಎಂದೆ. ಅವಳು ತಲೆ ಎತ್ತದೆ, “ಆಯ್ತು, ಹೋಗುವ” ಎಂದಳು.

ನೋಡೋಣ ಎನ್ನಲು ನಮ್ಮ ಕಡೆ ‘ನೋಡುವ’ ಎನ್ನುವುದು. ಹೀಗೆ ‘ಹೋಗುವ’, ‘ಮಾಡುವ’, ‘ನೋಡುವ’ ಎಂಬ ಮಾತುಗಳಿಗೆ ತೂಕವಿಲ್ಲ. ನಿಮ್ಮ ಮೋಟರು ನಾಳೆ ನೋಡುವ ಎಂದು ನಾನೇ ದಿನವೂ ಹೇಳುತ್ತೇನೆ, ನಾಳೆ ಅಂಗಡಿಗೆ ಬೀಗ ಹಾಕಿರುತ್ತೇನೆ. ನನ್ನನ್ನು ಕುಟುಕಿದ್ದು ಆ ಮಾತಲ್ಲ, ಅವಳು ‘ಹೋಗಿ ಬನ್ನಿ’ ಎನ್ನಲಿಲ್ಲ ಎಂಬುದು. ಕರೆಂಟು ಬಿಲ್ಲಿನವನಿಗೆ ಅವಳು ಹೋಗಿ ಬನ್ನಿ ಎನ್ನುತ್ತಾಳೆ. ಮತ್ತೆಂದೂ ಬಾರದಿರಲಿ ಎಂದು ನಾವು ಬೇಡಿಕೊಳ್ಳುವ ಇನ್ಶೂರೆನ್ಸಿನವನಿಗೂ ಜಗಲಿಯಲ್ಲಿ ನಿಂತು ಹೋಗಿ ಬನ್ನಿ ಎನ್ನುತ್ತಾಳೆ. ಭೂಮಿ ಸುತ್ತುವುದೆಂದರೆ ಹೊರಟಲ್ಲಿಗೇ ಮರಳುವುದು. ಅದರ ಗುಟ್ಟೆಲ್ಲ ಇರುವುದೇ ‘ಬನ್ನಿ’ಯಲ್ಲಿ. ಪರೀಕ್ಷಿಸೋಣವೆಂದು ಮರುದಿನ ಸ್ಕ್ರೂ ತರಲು ಪುತ್ತೂರಿಗೆ ಹೋಗುತ್ತೇನೆಂದೆ. ಹೋಗಿ ಬನ್ನಿ, ಬರುವಾಗ ಕೊತ್ತಂಬರಿ ಸೊಪ್ಪು ತನ್ನಿ ಎಂದಳು. ಅಂದರೆ ಪುತ್ತೂರಿನಿಂದ ನಾನು ಬರಬೇಕು, ಸಮುದ್ರದಿಂದ ಬೇಕಾಗಿಲ್ಲ. ಬಸ್ಸಿನಲ್ಲಿ ಕೂತು ಇದನ್ನೇ ಯೋಚಿಸಿ ನನಗೆ ನಿಜಕ್ಕೂ ದುಃಖವಾಯಿತು, ಸೊಪ್ಪು ಮರೆತೇ ಹೋಯಿತು.

ಮನೆಗೆ ಬಂದರೆ ಅಣ್ಣ ತಂಗಿ ಶೆಡ್ಡಿನಲ್ಲಿ ಟೇಪು ಹಿಡಿದು ದೋಣಿಯ ಒಳಗನ್ನು ಅಳೆಯುತ್ತಿದ್ದಾರೆ. ನನ್ನನ್ನು ಕಂಡದ್ದೇ ಟೇಪು ಸುರುಳಿ ಸುತ್ತಿಕೊಂಡಿತು, ಭಾವ ಹವಾಮಾನ ಮಾತಾಡತೊಡಗಿದರು. ಅವರು ಹೋಗುವವರೆಗೆ ತಡೆದುಕೊಂಡಿದ್ದು, ಆಮೇಲೆ ಸುಜಾತಳನ್ನು ನೇರವಾಗಿಯೇ ಕೇಳಿದೆ, ನಾನು ತಿರುಗಿ ಬರುವುದು ನಿನಗೆ ಬೇಡವೇ ಎಂದು. ಅವಳು ಹೇಳಿದಳು:

“ಹೋಗಿ ಬನ್ನಿ ಹೇಳುದು ಮನೆಯಲ್ಲಿ ಉಳಿಯುವವರು. ನಾನು ಹೋಗುವ ಅಂತ ಹೇಳ್ಲಿಲ್ವಾ? ಹೋಗುವ ಅಂದ್ರೆ ಇಬ್ರೂ. ಎರಡು ಹಾಸಿಗೆ ಹಿಡೀತದಾ ಅಂತ ಅಣ್ಣ ಅಳತೆ ತೆಗ್ದದ್ದು.”

ತಂಗಿ ಕೂತು ಹೋಗುವ ದೋಣಿ ಎಂದೇ ಭಾವ ಹಲಗೆ ಕೊಟ್ಟದ್ದಂತೆ. ನನಗೆ ಸಂತೋಷವಾಯಿತು, ಬಹಳ ಸಂತೋಷವಾಯಿತು. ಅದರ ಬೆನ್ನಿಗೇ ಆ ‘ಸ್ವಲ್ಪ ನೀರು’ ನೆನಪಾಯಿತು. ನನ್ನೊಬ್ಬನಿಗೆ ಮೊಗೆದು ಚೆಲ್ಲುವಷ್ಟಿದ್ದ ನೀರು ಅವಳೂ ಕೂತಳೆಂದು ಎಣಿಸಿದ ಕೂಡಲೇ ಮನಸ್ಸಿನಲ್ಲಿ ಕುತ್ತಿಗೆಯವರೆಗೆ ಬಂತು. ಊರನ್ನೆಲ್ಲ ಸಂಶಯಪಟ್ಟವನು ದೋಣಿಯೊಂದನ್ನು ನಂಬಿ ಕೂತಿದ್ದೆ, ಅದನ್ನು ಕಟ್ಟಿದವನು ನಾನೆಂದು ಗೊತ್ತಿದ್ದೂ.

ಮಳೆಗಾಲ ಮುಗಿದು ಸುಮಾರು ದಿನವಾಯಿತು. ಸೋರುವ ಜಾಗ ಹುಡುಕುತ್ತಾ ದಿನವೂ ಶೆಡ್ಡಿನಲ್ಲಿರುತ್ತೇನೆ. ದೋಣಿಯೊಳಗೆ ಸುಜಾತ ಎರಡು ದಿಂಬು ತಂದಿಟ್ಟಿದ್ದಾಳೆ. ಒಂದು ನನ್ನದು. ಇನ್ನೊಂದು ಅವಳದ್ದಲ್ಲ, ಗಂಟುಗಂಟಾದ, ನೆಂಟರಿಗೆ ಕೊಡುವ ದಿಂಬು. ತನ್ನ ದಿಂಬಿಲ್ಲದೆ ತವರುಮನೆಯಲ್ಲಿ ಕೂಡ ಒಂದು ರಾತ್ರಿ ನಿದ್ದೆ ಮಾಡದವಳು ಇವಳು. ಅವಳ ಆ ದಿಂಬು ಈಗಲೂ ಮಂಚದ ಮೇಲೆಯೇ ಇದೆ. ಹಾಗಾದರೆ ‘ಇಬ್ರೂ’ ಎಂದದ್ದು ನಿಜವೋ, ನನ್ನನ್ನು ಮನೆಯಲ್ಲೇ ಕಟ್ಟಿಹಾಕುವ ಉಪಾಯವೋ? ಕೇಳಬಹುದು. ಕೇಳಿ, ನಿಜ ಎಂದುಬಿಟ್ಟರೆ ಹೊರಡಬೇಕಾಗುತ್ತದೆ. ಸೋರುವ ಜಾಗ ಮೊನ್ನೆಯೇ ಸಿಕ್ಕಿದೆ, ಯಾರಿಗೂ ಹೇಳಿಲ್ಲ. ಸರಿಯಾಯ್ತಾ, ಯಾವಾಗ ಹೊರಡುದು ಎಂದು ಅವಳು ಕೇಳಿದರೆ ನಾನು ದೋಣಿಯಡಿಯಿಂದಲೇ ‘ನೋಡುವ’ ಎನ್ನುತ್ತೇನೆ.