ಊಟದ ಮೇಜಿನ ಕುಲಗೋತ್ರ

ಕೆಲವರಿಗೆ ಹೊಸಬರು ಯಾರೇ ಸಿಕ್ಕರೂ "ನಿಮ್ಮ ಕಡೆಯವರು ಯಾವೂರು?" ಎಂದು ಕೇಳದೆ ಇರಲಾಗುವುದಿಲ್ಲ. ನನಗೆ ಅದೇ ಚಪಲ, ಪದಗಳ ವಿಷಯದಲ್ಲಿ. ಮದುವೆಮನೆಯಲ್ಲಿ ಪಕ್ಕದ ಎಲೆಯವರು ಕೋಸಂಬರಿ ಚೆನ್ನಾಗಿದೆ ಎಂದರೆ ಸಾಕು, ಕೋಸಂಬರಿ ಎಂಬ ಮಾತು ಎಲ್ಲಿಂದ ಬಂದಿರಬಹುದು ಎಂದು ಶುರುಮಾಡುತ್ತೇನೆ. ಪಾಯಸ ಬರುವ ಹೊತ್ತಿಗೆ ಅವರು ಆಚೆ ಪಕ್ಕದವರ ಕಡೆ ತಿರುಗಿ ಕೂತಿರುತ್ತಾರೆ. ಇದು ವಿದ್ವತ್ತೇನೂ ಅಲ್ಲ. ನಾನು ವಿಮಾ ಕಚೇರಿಯೊಂದರ ಗುಮಾಸ್ತ. ಲ್ಯಾಟಿನ್ ಬರುವುದಿಲ್ಲ, ಗ್ರೀಕ್ ಅಕ್ಷರ ಕಂಡರೆ ಹೈಸ್ಕೂಲಿನ ಗಣಿತದ ಭಯ ಮರುಕಳಿಸುತ್ತದೆ. ನನ್ನ ಬಂಡವಾಳವೆಲ್ಲ ಭಾನುವಾರಗಳಂದು ಅವೆನ್ಯೂ ರಸ್ತೆಯ ಫುಟ್‌ಪಾತಿನಲ್ಲಿ ಕೊಂಡ, ರಟ್ಟು ಕಿತ್ತ ನಿಘಂಟುಗಳು. ಈ ಚಪಲದಿಂದ ಯಾರಿಗೂ ತೊಂದರೆಯಿಲ್ಲ ಎಂದೇ ನಂಬಿಕೊಂಡಿದ್ದೆ, ನಮ್ಮ ಮನೆಗೆ ಊಟದ ಮೇಜು ಬರುವವರೆಗೆ.

ತೊಂಬತ್ತರ ದಶಕದ ಕೊನೆಯ ಮಾತು. ಚಾಮರಾಜಪೇಟೆಯ ನಮ್ಮ ಮನೆಯಲ್ಲಿ ಅಮ್ಮ, ನಾನು, ನನ್ನ ಹೆಂಡತಿ ಸರೋಜ ಮೂವರೂ ನೆಲದ ಮೇಲೆ ಕೂತು ಉಣ್ಣುವವರು. ಅಮ್ಮನಿಗೆ ಮಂಡಿ ಹಿಡಿದುಕೊಂಡಿತು. ಇನ್ನು ನೆಲದ ಮೇಲೆ ಕೂರಲೇಬಾರದು ಎಂದರು ಡಾಕ್ಟರು. ಸರೋಜ ಶ್ರೀರಾಂಪುರದ ಬಡಗಿಯೊಬ್ಬರಿಗೆ ಹೇಳಿ ನಾಲ್ಕು ಕುರ್ಚಿಯ ಮೇಜು ಮಾಡಿಸಿದಳು. ಅದು ನಡುಮನೆಗೆ ಬಂದ ದಿನ ಅಮ್ಮ ಒಂದು ಸುತ್ತು ಹಾಕಿ ನೋಡಿದಳು.

"ಚೆನ್ನಾಗಿದೆ. ಆದ್ರೆ ನೆಲ ಆದ್ರೆ ಉಂಡ ಮೇಲೆ ಸಾರಿಸಿಬಿಡಬಹುದು. ಇದನ್ನ ಹೇಗೆ ಸಾರಿಸ್ತೀರಾ? ನಾನೊಲ್ಲೆ."

ಅಂದಿನಿಂದ ಅಮ್ಮ ಎರಡು ಹೊತ್ತೂ ಅಡಿಗೆಮನೆಯ ಕಟ್ಟೆಗೆ ಒರಗಿ ನಿಂತು, ಬಟ್ಟಲಲ್ಲಿ ಇಷ್ಟು ಮೊಸರನ್ನ ತಿಂದು ಮುಗಿಸತೊಡಗಿದಳು. ಕೇಳಿದರೆ "ಎರಡು ತುತ್ತಿಗೆ ಕೂರೋದೇನು" ಎನ್ನುತ್ತಿದ್ದಳು. ನಿಂತು ಎಷ್ಟು ಉಣ್ಣಲಾದೀತು? ತಿಂಗಳು ಕಳೆಯುವಷ್ಟರಲ್ಲಿ ಕೈಬಳೆಗಳು ಮೊಣಕೈವರೆಗೆ ಜಾರುವಂತಾದವು. ನನಗೆ ಹೆದರಿಕೆಯಾಯಿತು. ಹೇಗಾದರೂ ಮಾಡಿ ಅಮ್ಮನನ್ನು ಒಪ್ಪಿಸಿ ಮೇಜಿನ ಮುಂದೆ ಕೂರಿಸಲೇಬೇಕು ಎಂದುಕೊಂಡೆ. ಬೇರೆ ಯಾರಾದರೂ ಆಗಿದ್ದರೆ ಡಾಕ್ಟರನ್ನು ಕರೆಸುತ್ತಿದ್ದರು. ನಾನು ನಿಘಂಟು ತೆಗೆದೆ.

ಅದರಲ್ಲಿ ಸಿಕ್ಕಿದ್ದು ಡಿಸ್ಕಸ್ ಎಂಬ ಮಾತು. ಸ್ಕೂಲಿನ ಆಟೋಟದ ದಿನ ಎಸೆಯುತ್ತಿದ್ದೆವಲ್ಲ, ಅದೇ. ಗ್ರೀಕರಿಂದ ಲ್ಯಾಟಿನ್ನಿಗೆ ಬಂದಾಗ ಅದು ಎಸೆಯುವ ಬಿಲ್ಲೆ. ಎಸೆದು ಎಸೆದು ಹಸಿವಾಗಿರಬೇಕು, ಕ್ರಮೇಣ ಅದೇ ಮಾತಿಗೆ ತಟ್ಟೆ ಎಂಬ ಅರ್ಥ ಬಂತು. ಇಂಗ್ಲಿಷರಲ್ಲಿ ಅದು ಡಿಶ್ ಆಗಿ ತಟ್ಟೆಯಾಗಿಯೇ ಉಳಿಯಿತು. ಜರ್ಮನರು ತಟ್ಟೆಯನ್ನು ಬಿಟ್ಟು, ತಟ್ಟೆಯಿಡುವ ಮೇಜನ್ನೇ ‘ಟಿಶ್’ ಎಂದರು. ಇಟಲಿಯವರ ಹಳೆಯ ಮಾತು ‘ದೆಸ್ಕೊ’ ಎಂದರೂ ಊಟದ ಮೇಜೇ. ನಾನು ಕಚೇರಿಯಲ್ಲಿ ಮೊಣಕೈ ಊರಿ ತೂಕಡಿಸುವ ಡೆಸ್ಕು ಅದರ ದಾಯಾದಿ. ಸಮಾರಂಭಗಳಲ್ಲಿ ಗಣ್ಯರನ್ನು ಕೂರಿಸುವ ಡಯಾಸ್ ಕೂಡ ಅದೇ ಮನೆತನದ್ದು. ಫ್ರೆಂಚರು ಅದನ್ನು ಇನ್ನೂ ಹತ್ತಿಸಿ, ತಲೆಯ ಮೇಲಿನ ಮೇಲ್ಕಟ್ಟಿನ ಹೆಸರು ಮಾಡಿಟ್ಟಿದ್ದಾರೆ. ಎದುರುಮನೆ ತಾರಸಿಯಲ್ಲಿ ಕೇಬಲ್ಲಿನವರು ನಿಲ್ಲಿಸಿದ ಡಿಶ್ಶನ್ನು ಆ ಸಂಜೆ ನಾನು ನೆಂಟರನ್ನು ನೋಡುವಂತೆ ನೋಡಿದೆ.

"ನೋಡಮ್ಮ, ಮೂಲದಲ್ಲಿ ಮೇಜು ಅಂದ್ರೆ ತಟ್ಟೆನೇ. ಕಾಲಿರೋ ತಟ್ಟೆ ಅಂದ್ಕೊಂಡು ಕೂತ್ಕೋ" ಎಂದೆ.

"ತಟ್ಟೆ ಅಂದ್ಮೇಲೆ ಉಂಡ ತಕ್ಷಣ ಎಂಜಲಾಯ್ತಲ್ಲಪ್ಪ. ದಿನಾ ಇದನ್ನ ಬಚ್ಚಲಿಗೆ ಹೊತ್ಕೊಂಡು ಹೋಗಿ ತೊಳೆಯೋರ್ಯಾರು?"

ಇದಕ್ಕೆ ಯುರೋಪಿನಲ್ಲಿ ಯಾರ ಹತ್ತಿರವೂ ಉತ್ತರವಿರಲಿಲ್ಲ. ಮುಂದಿನ ಭಾನುವಾರ ಸ್ವೀಡಿಷ್ ನಿಘಂಟು ತಂದೆ. ಅವರಲ್ಲಿ ಅದೇ ಮಾತು ‘ಡಿಸ್ಕ್’ ಆಗಿ ಅಂಗಡಿಯ ಕೌಂಟರಿಗೂ ಸಲ್ಲುತ್ತದೆ, ತೊಳೆಯಲು ಬಿದ್ದ ಮುಸುರೆ ಪಾತ್ರೆಗೂ ಸಲ್ಲುತ್ತದೆ. ಅಡಿಗೆಮನೆಗೆ ಓಡಿಹೋಗಿ ಹೇಳಿದೆ. ಅಮ್ಮ ಬಟ್ಟಲು ಕೆಳಗಿಟ್ಟು, "ಪರವಾಗಿಲ್ಲ, ಮುಸುರೆ ಗೊತ್ತಿರೋ ಜನ" ಎಂದಳು. ಅಷ್ಟೇ ಹೇಳಿ ಸುಮ್ಮನಾದದ್ದರಿಂದ, ಇನ್ನೂ ಒಪ್ಪಿಲ್ಲ ಎಂದುಕೊಂಡು ಡಚ್ ನಿಘಂಟು ಹುಡುಕಲು ಹೊರಟೆ.

ಇಷ್ಟೂ ಪುಸ್ತಕಗಳನ್ನು ಹರಡಿಕೊಳ್ಳಲು ಮನೆಯಲ್ಲಿ ಖಾಲಿ ಜಾಗ ಎಂದರೆ ಆ ಮೇಜೊಂದೇ. ಅಮ್ಮ ಕೂರದ ಮೇಲೆ ನಾವು ಕೂರುವುದು ಸರಿಯಲ್ಲವೆಂದು ನಾವಿಬ್ಬರೂ ನೆಲದ ಮೇಲೇ ಉಣ್ಣುತ್ತಿದ್ದೆವು. ಕಚೇರಿಯಿಂದ ಬಂದು ಕಾಫಿ ಕುಡಿದು ಕೂತರೆ ಊಟಕ್ಕೆ ಕರೆಯುವವರೆಗೂ ನಾನು ಅಲ್ಲೇ. ನಾನು ಎದ್ದ ಮೇಲೂ ಪುಸ್ತಕಗಳು ಮರುದಿನ ಸಂಜೆಯವರೆಗೆ ಹಾಗೇ ತೆರೆದು ಹರಡಿರುತ್ತಿದ್ದವು. ಸರೋಜ ಮೊದಮೊದಲು ದಿನವೂ "ರೀ, ಅದನ್ನೆಲ್ಲ ಒಂದಿಷ್ಟು ತೆಗೀರಿ" ಎನ್ನುತ್ತಿದ್ದಳು. "ಅಮ್ಮ ಒಪ್ಪಲಿ, ತೆಗೀತೀನಿ. ಅವಳಿಗೋಸ್ಕರ ತಾನೆ ಓದ್ತಿರೋದು?" ಎನ್ನುತ್ತಿದ್ದೆ. ಆಮೇಲೆ ಅವಳು ಹೇಳುವುದನ್ನೇ ಬಿಟ್ಟಳು. ನನ್ನ ವಾದ ಅವಳಿಗೆ ಹಿಡಿಸಿತೆಂದು ತಿಳಿದೆ.

ಒಂದು ಸಂಜೆ ಅಡಿಗೆಮನೆಯಲ್ಲಿ ಬಟ್ಟಲು ಬಿದ್ದ ಸದ್ದಾಯಿತು. ಹೋಗಿ ನೋಡಿದರೆ ಅಮ್ಮ ಎರಡು ಕೈಯಲ್ಲೂ ಕಟ್ಟೆ ಹಿಡಿದು ನಿಂತಿದ್ದಾಳೆ, ಕಾಲು ನಡುಗುತ್ತಿದೆ, ಅನ್ನ ನೆಲದ ಮೇಲೆ ಚೆಲ್ಲಿದೆ. ನನಗೆ ದುಃಖಕ್ಕಿಂತ ಮುಂಚೆ ಸಿಟ್ಟು ಬಂತು. "ಎಷ್ಟು ಸಲ ಹೇಳ್ದೆ, ಮೇಜಿನ ಹತ್ರ ಕೂತ್ಕೋ ಅಂತ. ಒಪ್ಪೋದೇ ಇಲ್ವಲ್ಲ ನೀನು" ಎಂದು ರೇಗಿದೆ.

ಸರೋಜ ಅಮ್ಮನ ತೋಳು ಹಿಡಿದುಕೊಂಡು, ನನ್ನ ಕಡೆ ನೋಡದೆ ಹೇಳಿದಳು: "ಅತ್ತೆ ಒಪ್ಪಿ ಎರಡು ತಿಂಗಳಾಯ್ತು. ನಿಮಗೆ ಹೇಳಬೇಡ ಅಂದಿದ್ರು."

ನಾನೊಬ್ಬನೇ ನಿಘಂಟುಗಳನ್ನೆಲ್ಲ ಹೊತ್ತು ಮಂಚದ ಕೆಳಗೆ ತಳ್ಳಿದೆ. ಒದ್ದೆ ಬಟ್ಟೆಯಲ್ಲಿ ಮೇಜು ಒರೆಸಿದೆ. ಅಮ್ಮ ಕುರ್ಚಿಯಲ್ಲಿ ಕೂತು ಎರಡು ಸಲ ಸಾರನ್ನ ಹಾಕಿಸಿಕೊಂಡಳು, ಹಪ್ಪಳ ಕೇಳಿದಳು. ಅವಳು ಹಾಗೆ ಉಂಡು ಎಷ್ಟು ದಿನವಾಗಿತ್ತೋ. ನೋಡುತ್ತಾ ನನಗೆ ನಾಚಿಕೆಯಾಯಿತು. ಆದರೂ ಚಪಲ ಕೇಳಬೇಕಲ್ಲ.

"ಆ ಸ್ವೀಡನ್ನಿನ ವಿಷಯ ಹೇಳಿದ್ನಲ್ಲ, ಅದು ಕೇಳಿ ಒಪ್ಪಿದ್ಯಾ?"

"ಯಾವ ಸ್ವೀಡನ್ನೋ? ಮಂಡಿ ನೋವು ತಡೀಲಾರದೆ ಒಪ್ಪಿದೆ."

"ಮತ್ತೆ ಬಂದು ಕೂರೋದಲ್ವಾ? ಒಂದು ಮಾತು ಹೇಳಿದ್ರೆ ಎದ್ದುಬಿಡ್ತಿದ್ದೆ."

ಅಮ್ಮ ಹಪ್ಪಳ ಮುರಿದು ಅರ್ಧ ನನ್ನ ತಟ್ಟೆಗೆ ಹಾಕಿದಳು. "ದಿನಾ ಅಷ್ಟೊಂದು ಪುಸ್ತಕ ಹರಡ್ಕೊಂಡು ಕೂತಿರ್ತಿದ್ದೆ. ಓದೋ ಹುಡುಗನ್ನ ಎಬ್ಬಿಸಬಾರದು ಅಂತ ಸುಮ್ನಿದ್ದೆ."

ನನಗಾಗ ನಲವತ್ತೊಂಬತ್ತು ವರ್ಷ. ಬರೆಯಬೇಕಾದ ಪರೀಕ್ಷೆ ಯಾವುದೂ ಇರಲಿಲ್ಲ.