ದೊರೆಯ ತೂಕವೂ ನನ್ನ ಕಿರುಬೆರಳೂ

ಇಪ್ಪತ್ತಾರು ವರ್ಷಗಳಿಂದ ನಾನು ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್‌ಸ್ಪೆಕ್ಟರು. ನಾನು ಅಂಗಡಿಯ ಮೆಟ್ಟಿಲು ಹತ್ತಿದರೆ ಸಾಕು, ತಕ್ಕಡಿಯ ಮೇಲಿದ್ದ ಹೆಬ್ಬೆರಳುಗಳು ತಾವಾಗಿಯೇ ಜೇಬು ಸೇರುತ್ತವೆ. ಸಕ್ಕರೆಯಿಂದ ಹಿಡಿದು ಚಿನ್ನದವರೆಗೆ ಈ ಊರಿನಲ್ಲಿ ಏನು ತೂಗಬೇಕಾದರೂ ತಕ್ಕಡಿಗೆ ನನ್ನ ಸೀಸದ ಮುದ್ರೆ ಬಿದ್ದಿರಬೇಕು. ಇಂಥ ನನಗೆ ನನ್ನದೇ ಮನೆಯಲ್ಲಿ ಗುಲಗಂಜಿಯಷ್ಟೂ ತೂಕವಿರಲಿಲ್ಲ. ಅದಕ್ಕೆ ಕಾರಣ ಒಂದು ಗಿಳಿ.

ಗಿಳಿಯ ಹೆಸರು ದೊರೆ. ನನ್ನ ಹೆಂಡತಿ ಮದುವೆಯಾಗಿ ಬರುವಾಗ ಎರಡು ಟ್ರಂಕು, ಒಂದು ಹೊಲಿಗೆ ಯಂತ್ರದ ಜೊತೆಗೆ ಅದನ್ನೂ ತಂದಿದ್ದಳು. ಅಂದರೆ ಅವಳ ಸೇವೆಯಲ್ಲಿ ಅದು ನನಗಿಂತ ಸೀನಿಯರ್. (ನಮ್ಮತ್ತೆ ಈಗಲೂ ಫೋನು ಮಾಡಿದರೆ ಮೊದಲು ವಿಚಾರಿಸುವುದು ದೊರೆಯ ಆರೋಗ್ಯ. ಆಮೇಲೆ ನೆನಪಾದರೆ ನನ್ನದು.) ಹೆಂಡತಿ ಬಂದರೆ ದೊರೆ ಗೇಟಿನ ಸದ್ದಿಗೇ ಶಿಳ್ಳೆ ಹಾಕುತ್ತಿತ್ತು. ನಾನು ಬಂದರೆ ಬೆನ್ನು ತಿರುಗಿಸಿ ಕೂರುತ್ತಿತ್ತು. ಪ್ರೀತಿಯಿಂದ ಕೈ ಚಾಚಿದ ಗುರುತುಗಳು ನನ್ನ ತೋರುಬೆರಳಿನ ಮೇಲೆ ಇನ್ನೂ ಇವೆ.

ಎರಡು ವರ್ಷಗಳ ಹಿಂದೆ, ಆಸ್ಪತ್ರೆಯಲ್ಲಿ ನರ್ಸಾಗಿರುವ ಹೆಂಡತಿಗೆ ಮಧ್ಯಾಹ್ನದ ಪಾಳಿ ಬಿತ್ತು. ಸಂಜೆ ಐದೂವರೆಯಿಂದ ಎಂಟೂವರೆಯವರೆಗೆ ಮನೆಯಲ್ಲಿ ನಾನು ಮತ್ತು ದೊರೆ, ಇಬ್ಬರೇ. ನಾನು ಪೇಪರು ಓದುವುದು, ಅದು ಗೋಡೆ ನೋಡುವುದು. ಒಂದು ಸಂಜೆ ಉಪ್ಪು ಹಾಕಿ ಹುರಿದ ಕಡಲೆಬೀಜದ ಪೊಟ್ಟಣ ಬಿಚ್ಚಿದೆ. ಕಿಟಕಿ ಪರದೆಯ ಸರಳಿನ ಮೇಲೆ ಪುಟಪುಟ ಹೆಜ್ಜೆಯ ಸದ್ದಾಯಿತು. ನೋಡಿದರೆ ದೊರೆ ಕತ್ತು ಓರೆ ಮಾಡಿ ನನ್ನನ್ನೇ ದಿಟ್ಟಿಸುತ್ತಿದೆ. ಒಂದು ಬೀಜ ಹಿಡಿದೆ. ಹಾರಿ ಬಂದು ನನ್ನ ಹೆಗಲ ಮೇಲೆ ಕೂತು, ಬೀಜವನ್ನು ಕಾಲಲ್ಲಿ ಹಿಡಿದು ತಿಂದು, ಕೊಕ್ಕನ್ನು ನನ್ನ ಕಾಲರಿಗೆ ಒರೆಸಿತು. ಸುಳ್ಳೇಕೆ ಹೇಳಲಿ, ನನಗೆ ಕಣ್ಣು ತುಂಬಿ ಬಂತು.

ಅಲ್ಲಿಂದ ನನ್ನ ಶರ್ಟಿನ ಜೇಬಿನಲ್ಲಿ ದಿನವೂ ಕಡಲೆಬೀಜ. ಮೊದಲು ಒಂದು, ಆಮೇಲೆ ನಾಲ್ಕು, ಆಮೇಲೆ ಎಣಿಸುವುದನ್ನು ಬಿಟ್ಟೆ. ಹೆಂಡತಿಗೆ ಹೇಳಲಿಲ್ಲ. ಗಿಳಿಗೆ ಉಪ್ಪು ಮುಟ್ಟಿಸಬಾರದು ಎಂದು ಅವಳು ಮದುವೆಯ ಮೊದಲ ವಾರವೇ ಅಪ್ಪಣೆ ಹೊರಡಿಸಿದ್ದಳು.

ಮೂರು ತಿಂಗಳ ಹಿಂದೆ ದೊರೆ ಹಾರಿದರೆ ಏದುಸಿರು ಬಿಡತೊಡಗಿತು. ಹಕ್ಕಿಗಳ ಡಾಕ್ಟರಮ್ಮ ಪರೀಕ್ಷೆ ಮಾಡಿ, ತೂಗಿ, ಮುಖ ಸಣ್ಣಗೆ ಮಾಡಿಕೊಂಡರು.

"ಮುನ್ನೂರ ಹತ್ತು ಗ್ರಾಂ ಇದೆ ಮೇಡಂ. ಇನ್ನೂರ ಅರವತ್ತು ದಾಟಬಾರದು. ಲಿವರಿಗೆ ಕೊಬ್ಬು ಕಟ್ಟಿದೆ. ಹೀಗೇ ಬಿಟ್ರೆ ಹೆಚ್ಚು ದಿನ ಇರಲ್ಲ."

ಹೆಂಡತಿ ಬ್ಯಾಗಿನ ಹಿಡಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. "ನಾನು ಕೊಡೋದು ಅಳತೆ ಪ್ರಕಾರಾನೇ ಡಾಕ್ಟ್ರೇ. ಇದೆಲ್ಲಿಂದ ಬಂತು ಕೊಬ್ಬು?"

ನಾನು ಗೋಡೆಯ ಮೇಲಿನ ಪಾರಿವಾಳದ ಚಿತ್ರವನ್ನು ಬಹಳ ಆಸಕ್ತಿಯಿಂದ ನೋಡಿದೆ.

ಡಾಕ್ಟರಮ್ಮ ವಿಧಾನ ಹೇಳಿಕೊಟ್ಟರು. ವಾರಕ್ಕೊಮ್ಮೆ ತೂಕ ನೋಡಬೇಕು. ದೊರೆ ತಾನಾಗಿಯೇ ತಕ್ಕಡಿ ಹತ್ತುವ ಹಾಗೆ ಪಾಠ ಮಾಡಬೇಕು. ಹತ್ತಿದ ಕೂಡಲೇ ಬಹುಮಾನ ಕೊಡಬೇಕು, ಆದರೆ ಅದು ಹಿತವಾದದ್ದಾಗಿರಬೇಕು. ಒಂದು ದಾಳಿಂಬೆ ಕಾಳು, ಹಸಿ ಬಟಾಣಿ, ಕ್ಯಾರೆಟ್ಟಿನ ಚೂರು, ಬೀಜ ತೆಗೆದ ಸೇಬು. ಎಲ್ಲವನ್ನೂ ತಟ್ಟೆಯಲ್ಲಿ ಇಟ್ಟು ಮೊದಲು ಯಾವುದಕ್ಕೆ ಬಾಯಿ ಹಾಕುತ್ತದೆ ನೋಡಿ, ಅದನ್ನು ಬಟ್ಟಲಿಗೆ ಹಾಕದೆ ಪಾಠಕ್ಕೆಂದೇ ಮೀಸಲಿಡಬೇಕು.

"ಇವರಿಗೆ ವಹಿಸ್ತೀನಿ. ತೂಕದ ವಿಷಯ ಇವರಿಗಿಂತ ಯಾರಿಗೆ ಗೊತ್ತು?" ಎಂದಳು ಹೆಂಡತಿ. ಮದುವೆಯಾದ ಮೇಲೆ ಅವಳು ನನ್ನ ಹುದ್ದೆಯನ್ನು ಹೊಗಳಿದ್ದು ಅದೇ ಮೊದಲು.

ನಾನು ಶ್ರದ್ಧೆಯಿಂದಲೇ ಶುರು ಮಾಡಿದೆ. ಅಡುಗೆಮನೆಯ ತಕ್ಕಡಿಯ ಮೇಲೆ ಕೋಲಿನ ಒಂದು ಪುಟ್ಟ ಪೀಠ ಮಾಡಿ ಕೂರಿಸಿದೆ. ಬಟಾಣಿ ಹಿಡಿದೆ, ದೊರೆ ಅದನ್ನು ನೆಲಕ್ಕೆಸೆಯಿತು. ಕ್ಯಾರೆಟ್ ಹಿಡಿದೆ, ಅದನ್ನು ನನ್ನ ಕಡೆಗೇ ಎಸೆಯಿತು. ದಾಳಿಂಬೆಯನ್ನು ನೋಡಲೂ ಇಲ್ಲ, ಅದರ ಕಣ್ಣೆಲ್ಲ ನನ್ನ ಜೇಬಿನ ಮೇಲೆ. ನಾಲ್ಕನೆಯ ದಿನ ಅದು ಬೆನ್ನು ತಿರುಗಿಸಿ ಕೂತಿತು, ಎರಡು ವರ್ಷಗಳ ಹಿಂದಿನ ಅದೇ ಬೆನ್ನು. ನನಗೆ ತಡೆಯಲಾಗಲಿಲ್ಲ. ಒಂದೇ ಒಂದು ಬೀಜ ಎಂದುಕೊಂಡೆ. ದೊರೆ ತಕ್ಕಡಿ ಹತ್ತಿತು. (ಒಂದಕ್ಕೆ ನಿಲ್ಲಲಿಲ್ಲ ಎಂದು ಬೇರೆ ಹೇಳಬೇಕೇ?)

ಭಾನುವಾರ ತೂಕ. ಹೆಂಡತಿ ಕನ್ನಡಕ ಹಾಕಿಕೊಂಡು ಅಂಕಿ ಓದುವವಳು, ನಾನು ಪೀಠ ಅಲುಗದಂತೆ ಹಿಡಿಯುವವನು. ಅಂಕಿ ಮುನ್ನೂರ ಹನ್ನೆರಡು ತೋರಿಸುವ ಹೊತ್ತಿಗೆ ಅವಳ ಮುಖ ಬಾಡತೊಡಗಿತ್ತು. ಅಷ್ಟರಲ್ಲಿ ನನ್ನ ಕಿರುಬೆರಳು, ನನ್ನನ್ನು ಒಂದು ಮಾತೂ ಕೇಳದೆ, ಕೋಲಿನ ತುದಿಯ ಕೆಳಗೆ ಹೋಯಿತು. ಅಂಕಿ ಮುನ್ನೂರಕ್ಕೆ ಇಳಿದು ನಿಂತಿತು.

"ರೀ, ಹತ್ತು ಗ್ರಾಂ ಇಳಿದಿದೆ ರೀ," ಎಂದು ಅವಳು ನಕ್ಕಳು. ಆ ನಗು ನೋಡಿದ ಮೇಲೆ ಬೆರಳು ತೆಗೆಯುವುದು ಹೇಗೆ? ನಾನು ಹಿಡಿದ ವ್ಯಾಪಾರಿಗಳೆಲ್ಲ ಹೆಬ್ಬೆರಳಿನಿಂದ ತಕ್ಕಡಿಯನ್ನು ಕೆಳಗೆ ಒತ್ತಿದವರು. ಕಿರುಬೆರಳಿನಿಂದ ಮೇಲೆತ್ತಿದವನು ಇಲಾಖೆಯ ಇತಿಹಾಸದಲ್ಲಿ ನಾನೊಬ್ಬನೇ ಇರಬೇಕು. ಎರಡು ತಿಂಗಳಲ್ಲಿ ಫ್ರಿಜ್ಜಿನ ಮೇಲೆ ಅಂಟಿಸಿದ ಚಾರ್ಟಿನಲ್ಲಿ ದೊರೆಯ ತೂಕ ಇನ್ನೂರ ಅರವತ್ತೆಂಟಕ್ಕೆ ಇಳಿಯಿತು. ಆ ಖುಷಿಗೆ ಹೆಂಡತಿ ನನಗೊಂದು ಹೊಸ ಶರ್ಟು ಹೊಲಿದುಕೊಟ್ಟಳು. ಅದಕ್ಕೆ ಎರಡು ಜೇಬು.

ಮರುಪರೀಕ್ಷೆಯ ದಿನ ನಾನು ಅಂಗಡಿ ತಪಾಸಣೆ ಮುಗಿಸಿ ಇಲಾಖೆಯ ಚೀಲದ ಸಮೇತ ಹಕ್ಕಿಗಳ ಆಸ್ಪತ್ರೆಗೆ ಹೋದೆ. ಡಾಕ್ಟರಮ್ಮ ದೊರೆಯನ್ನು ತಕ್ಕಡಿಯ ಮೇಲೆ ನಿಲ್ಲಿಸಿದರು. ಮುನ್ನೂರ ಹದಿನೆಂಟು.

"ಸಾಧ್ಯವೇ ಇಲ್ಲ," ಎಂದು ಹೆಂಡತಿ ಚಾರ್ಟು ಬಿಡಿಸಿದಳು. "ಮೊನ್ನೆ ಭಾನುವಾರ ಇನ್ನೂರ ಅರವತ್ತೆಂಟು. ನಾನೇ ನೋಡಿದ್ದೀನಿ."

ಆಗ ಸುಮ್ಮನಿದ್ದರೆ ಆಗುತ್ತಿತ್ತು. ನಾನು ಗಂಟಲು ಸರಿಮಾಡಿಕೊಂಡು, "ಡಾಕ್ಟ್ರೇ, ನಿಮ್ಮ ತಕ್ಕಡಿ ಸರಿ ಇದ್ದ ಹಾಗಿಲ್ಲ. ನನಗೆ ಸ್ವಲ್ಪ ಅನುಭವ ಇದೆ," ಎಂದೆ. ಚೀಲದಿಂದ ಸರ್ಕಾರದ ಹಿತ್ತಾಳೆ ತೂಕದ ಬಟ್ಟುಗಳನ್ನು ತೆಗೆದೆ. ನೂರರ ಬಟ್ಟು ಇಟ್ಟೆ, ನೂರು ತೋರಿಸಿತು. ಇನ್ನೂರು ಇಟ್ಟೆ, ಇನ್ನೂರು ತೋರಿಸಿತು. ಐದು ಗ್ರಾಮಿನ ಪುಟಾಣಿ ಬಟ್ಟಿಗೂ ಸರಿಯಾಗಿ ಐದು. ಇಪ್ಪತ್ತಾರು ವರ್ಷಗಳಲ್ಲಿ ಅಷ್ಟು ಪ್ರಾಮಾಣಿಕವಾದ ತಕ್ಕಡಿಯನ್ನು ನಾನು ಕಂಡಿರಲಿಲ್ಲ.

ಡಾಕ್ಟರಮ್ಮನ ಹುಬ್ಬು ಗಂಟಾಯಿತು. "ಹಾಗಾದ್ರೆ ನಾಲ್ಕು ದಿನದಲ್ಲಿ ಐವತ್ತು ಗ್ರಾಂ ಏರಿದೆ. ಇದು ಕೊಬ್ಬಲ್ಲ. ಹೊಟ್ಟೇಲಿ ನೀರು ತುಂಬಿರ್ಬೇಕು. ಸೂಜಿ ಚುಚ್ಚಿ ತೆಗೀಬೇಕಾಗುತ್ತೆ. ಅಪಾಯ ಇದೆ, ಮುಚ್ಚಿಡಲ್ಲ."

ದಿನಕ್ಕೆ ನಲವತ್ತು ಜನರಿಗೆ ಸೂಜಿ ಚುಚ್ಚುವ ನನ್ನ ಹೆಂಡತಿ, ಡಾಕ್ಟರಮ್ಮ ಹೊರತೆಗೆದ ಆ ಪುಟ್ಟ ಸೂಜಿಯನ್ನು ನೋಡಿ ಮೇಜಿನ ಅಂಚು ಹಿಡಿದುಕೊಂಡಳು. ದೊರೆ ನನ್ನನ್ನೇ ನೋಡುತ್ತಿತ್ತು.

"ನೀರಲ್ಲ," ಎಂದೆ. "ಬೆರಳು."

"ಏನಂದ್ರಿ?" ಎಂದಳು ಹೆಂಡತಿ.

ನಾನು ಕಿರುಬೆರಳು ಎತ್ತಿ ತೋರಿಸಿದೆ. ಎಲ್ಲವನ್ನೂ ಹೇಳಿದೆ. ಪೊಟ್ಟಣ, ಉಪ್ಪು, ಪರದೆಯ ಸರಳು, ಕಾಲರಿಗೆ ಒರೆಸಿದ ಕೊಕ್ಕು, ಕೋಲಿನ ತುದಿ. ಹೇಳಿ ಮುಗಿಸುವ ಹೊತ್ತಿಗೆ ದೊರೆ ಮೇಜಿನ ಮೇಲೆ ನಡೆದು ಬಂದು, ನನ್ನ ತೋಳು ಹತ್ತಿ, ಹೊಸ ಶರ್ಟಿನ ಎಡಜೇಬಿನಿಂದ ಒಂದು ಕಡಲೆಬೀಜ ತೆಗೆದು ಎಲ್ಲರೆದುರು ಸಾಕ್ಷಿ ನುಡಿಯಿತು.

ಡಾಕ್ಟರಮ್ಮ ಸೂಜಿ ಒಳಗಿಟ್ಟರು. ನನ್ನ ಜೇಬನ್ನು ಕಸದ ಬುಟ್ಟಿಗೆ ಖಾಲಿ ಮಾಡಿಸಿ, ಒಂದು ದಾಳಿಂಬೆ ಕಾಳನ್ನು ಕೈಗೆ ಕೊಟ್ಟು, "ಈಗ ಹಿಡೀರಿ ಸಾರ್," ಎಂದರು. ದೊರೆ ಜೇಬಿನಲ್ಲಿ ಹುಡುಕಿತು, ಕೈಯನ್ನು ನೋಡಿತು, ಮತ್ತೆ ಜೇಬಿನಲ್ಲಿ ಹುಡುಕಿತು. ಕೊನೆಗೆ ಕಾಳನ್ನು ತೆಗೆದುಕೊಂಡಿತು. ತಿಂದು, ಹೆಗಲ ಮೇಲೇ ಕೂತು, ಕಾಲರಿಗೆ ಕೊಕ್ಕು ಒರೆಸಿತು. ಇಷ್ಟು ಸುಲಭ ಎಂದು ಗೊತ್ತಿದ್ದರೆ ನಾನು ಕಳ್ಳನಾಗುತ್ತಲೇ ಇರಲಿಲ್ಲ.

ಮನೆಯ ದಾರಿಯಲ್ಲಿ ಅರ್ಧದವರೆಗೆ ಹೆಂಡತಿ ನನಗಿಂತ ನಾಲ್ಕು ಹೆಜ್ಜೆ ಮುಂದೆಯೇ ನಡೆದಳು. ಆಮೇಲೆ ಕೇಳಿದಳು, "ದಿನಾ ನಿಮ್ಮ ಹೆಗಲ ಮೇಲೆ ಕೂರ್ತಿತ್ತಾ?"

"ಹೂಂ."

"ಬಾಯಿ ಬಿಟ್ಟು ಹೇಳಬಾರದಿತ್ತಾ? ಅದು ನಿಮ್ಮ ಹತ್ರ ಬರಲ್ಲ ಅಂತ ನನಗೆಷ್ಟು ಬೇಜಾರಿತ್ತು ಗೊತ್ತಾ? ನನಗಾಗಿ ನೀವು ಅದನ್ನ ಸಹಿಸ್ಕೊಂಡಿದ್ದೀರಿ ಅಂದ್ಕೊಂಡಿದ್ದೆ." ಸ್ವಲ್ಪ ದೂರ ನಡೆದು ಮತ್ತೆ ಹೇಳಿದಳು, "ಇನ್ನೊಂದು ಕೇಳ್ತೀನಿ. ಮೋಸದ ತಕ್ಕಡಿ ಸಿಕ್ಕಿದ್ರೆ ನಿಮ್ಮ ಇಲಾಖೆಯಲ್ಲಿ ಏನು ಮಾಡ್ತೀರಿ?"

"ಸೀಲು ಹಾಕ್ತೀವಿ," ಎಂದೆ. ಕ್ಷಮೆ ಸಿಕ್ಕಿತೆಂಬ ಹುರುಪಿನಲ್ಲಿ, ಯೋಚಿಸದೆ.

ಅಂದು ಸಂಜೆಯೇ ಅವಳು ನನ್ನ ಚೀಲದಿಂದ ತಂತಿ, ಸೀಸ, ಇಕ್ಕಳ ತೆಗೆದು ನನ್ನ ಐದೂ ಶರ್ಟುಗಳ ಜೇಬಿಗೆ ಮುದ್ರೆ ಹಾಕಿದಳು. ಜೊತೆಗೆ ನಾನೇ ಊರಿಗೆಲ್ಲ ಅಂಟಿಸುವ ಚೀಟಿ: 'ದೋಷಯುಕ್ತ. ಮುಂದಿನ ಆದೇಶದವರೆಗೆ ತೆರೆಯತಕ್ಕದ್ದಲ್ಲ.' ಚೀಟಿಯನ್ನು ಕಿತ್ತು ಕೆಲಸಕ್ಕೆ ಹೋಗುತ್ತೇನೆ, ಆದರೆ ಸೀಸ ಕೀಳುವ ಧೈರ್ಯವಿಲ್ಲ. ಸಕ್ಕರೆ ಅಂಗಡಿಯವನು ನನ್ನ ಎದೆಯನ್ನು ನೋಡಿ, ನೋಡಿ, ಕೊನೆಗೆ ಮರ್ಯಾದೆಗಾಗಿ ಏನೂ ಕೇಳಲಿಲ್ಲ.

ದೊರೆ ಈಗ ಇನ್ನೂರ ತೊಂಬತ್ತು ಗ್ರಾಂ, ನಿಜವಾದ ಗ್ರಾಂ. ಏದುಸಿರು ಕಡಿಮೆಯಾಗಿದೆ. ಪ್ರತಿ ಭಾನುವಾರ ಅದು ತಾನಾಗಿ ತಕ್ಕಡಿ ಹತ್ತುತ್ತದೆ. ನಾನು ಎದುರಿಗೆ ಎರಡೂ ಕೈ ಮೇಲೆತ್ತಿ, ಹತ್ತೂ ಬೆರಳು ಕಾಣುವಂತೆ ನಿಲ್ಲುತ್ತೇನೆ. ಹೆಂಡತಿ ಕನ್ನಡಕ ಹಾಕಿಕೊಂಡು ಅಂಕಿ ಓದಿ, ಬರೆದು, ದೊರೆಯ ಬಾಯಿಗೆ ಒಂದು ದಾಳಿಂಬೆ ಕಾಳು ಕೊಡುತ್ತಾಳೆ. ಅಲ್ಲಿಯವರೆಗೂ ಕೈ ಇಳಿಸದೆ ಇದ್ದರೆ, ನನಗೂ ಒಂದು.