ಫ್ರಿಜ್ಜಿನೊಳಗಿನ ಅತ್ತೆ ಮತ್ತು ನನ್ನ ಬಿಸಿಬೇಳೆಬಾತು

ನನಗೆ ಕೋಪ ಬಂದರೆ ಒಂದು ವಾರ ಇರುತ್ತದೆ. ಈ ಸಲದ್ದು ಇನ್ನೂ ಇಳಿದಿಲ್ಲ. ಕಾರಣ ಒಂದು ಜಪಾನಿ ಕಾದಂಬರಿ. ಅದರಲ್ಲಿ ನಾಯಕಿ ಮೊಟ್ಟೆಗೆಂದು ಫ್ರಿಜ್ ತೆಗೆದರೆ, ಸತ್ತುಹೋದ ಅತ್ತೆ ಒಳಗೆ ಕೂತಿರುತ್ತಾಳೆ. ನಾಯಕಿ ಕಿರುಚುವುದಿಲ್ಲ. "ಸ್ವಲ್ಪ ಸರ್ಕೊಳ್ಳಿ" ಎಂದು ಮೊಟ್ಟೆ ತೆಗೆದುಕೊಂಡು ಆಮ್ಲೆಟ್ ಮಾಡುತ್ತಾಳೆ. ಇದು ಮಾಂತ್ರಿಕ ವಾಸ್ತವವಂತೆ. ನಮ್ಮ ಕನ್ನಡ ಓದುಗರ ಬಳಗಕ್ಕೆ ಈಗ ಇಂಥದ್ದೇ ಬೇಕು. ನನಗೋ ಮೈ ಉರಿಯುತ್ತದೆ. ನಮ್ಮತ್ತೆ ಬದುಕಿದ್ದಾಗ ನನ್ನ ಫ್ರಿಜ್ ತೆಗೆದು ಇಣುಕಿದರೇ ನಾನು ಅರ್ಧ ದಿನ ಮಾತು ಬಿಡುತ್ತಿದ್ದೆ.

ಬಳಗ ಟೆಕ್ಸಸ್‌ನದು; ಒಮ್ಮೆ ಹ್ಯೂಸ್ಟನ್‌ನಲ್ಲಿ, ಒಮ್ಮೆ ಡಲ್ಲಾಸ್‌ನಲ್ಲಿ, ಒಮ್ಮೆ ಆಸ್ಟಿನ್‌ನಲ್ಲಿ ಸೇರುತ್ತದೆ, ಮನೆಗೊಂದು ಅಡುಗೆ ತರಬೇಕು. ಆ ಶನಿವಾರ ಆಸ್ಟಿನ್ನಿನ ಡೊಮೇನ್ ಬಡಾವಣೆ ಹತ್ತಿರದ ವಿಜಯಾ ಆಂಟಿಯ ಮನೆಯಲ್ಲಿ ಈ ಪುಸ್ತಕದ ಚರ್ಚೆ. ಹ್ಯೂಸ್ಟನ್ ಪಕ್ಕದ ನಮ್ಮ ಕ್ಲಿಯರ್ ಲೇಕ್ ಬಿಟ್ಟಾಗಿನಿಂದಲೂ ಮಳೆ. ನನ್ನ ಗಂಡ ಸುಧೀರ ಪುಸ್ತಕ ಓದಿರಲಿಲ್ಲ. ಡ್ರೈವ್ ಮಾಡುತ್ತಲೇ ಮುಗಿಸೋಣವೆಂದು ಅದರ ಇಂಗ್ಲಿಷ್ ಆಡಿಯೋ ಹಾಕಿಕೊಂಡಿದ್ದ. ಇನ್ನೇನು ಆಂಟಿ ಮನೆ ಬಂತು ಎನ್ನುವಾಗ, ಹಳ್ಳ ಉಕ್ಕಿ ರಸ್ತೆಯ ಮೇಲೆ ಹರಿಯುತ್ತಿತ್ತು.

"ಬೇಡ ಸುಧೀ, ವಾಪಸ್ ತಿರುಗಿಸು."

"ಶ್! ಅತ್ತೆ ಏನೋ ಹೇಳ್ತಿದ್ದಾಳೆ. ಇಷ್ಟು ನೀರಿಗೆಲ್ಲ ಹೆದರ್ತಾರೇನೇ?" ಎಂದು ನುಗ್ಗಿಸಿಯೇಬಿಟ್ಟ.

ಕಾರು ತೇಲಿತು. ಸ್ಟಿಯರಿಂಗ್ ತಿರುಗುತ್ತಿದೆ, ಕಾರು ತಿರುಗುತ್ತಿಲ್ಲ. ಈಗಲೂ ಸಿಂಕಿನಲ್ಲಿ ನಲ್ಲಿ ಬಿಟ್ಟರೆ ನನ್ನ ಪಾದ ತಣ್ಣಗಾಗುತ್ತದೆ. ಬಾಗಿಲ ಸಂದಿಯಿಂದ ನೀರು ನುಗ್ಗುತ್ತಿದ್ದರೆ, ಸ್ಪೀಕರಿನಲ್ಲಿ ಅತ್ತೆ "ಉಪ್ಪು ಸಾಲದು" ಎನ್ನುತ್ತಿದ್ದಳು. ಒಂದು ಮರಕ್ಕೆ ಕಾರು ಸಿಕ್ಕಿಕೊಂಡಿತು. ಅಗ್ನಿಶಾಮಕದವರು ಹಗ್ಗ ಹಿಡಿದು ಬಂದು ನಮ್ಮನ್ನು ಎಳೆದರು. ಬದುಕಿದೆವು.

ಒದ್ದೆ ಬಟ್ಟೆಯಲ್ಲಿ ನಡುಗುತ್ತಾ ಆಂಟಿ ಮನೆ ಸೇರಿ ನಡೆದದ್ದೆಲ್ಲ ಹೇಳಿದರೆ, ಡಲ್ಲಾಸಿನ ರಘು ಅಂಕಲ್ ಎದ್ದು ನಿಂತು, "ತೇಲೋ ಕಾರು, ಮಾತಾಡೋ ಅತ್ತೆ! ಇದೇ ಕಣಮ್ಮ ಮಾಂತ್ರಿಕ ವಾಸ್ತವ!" ಎಂದರು. ನಾಲ್ಕು ಜನ ತಲೆಯನ್ನೂ ಆಡಿಸಿದರು.

"ಮಂತ್ರವೂ ಇಲ್ಲ ಮಣ್ಣೂ ಇಲ್ಲ ಅಂಕಲ್, ಇವನ ಕೊಬ್ಬು ಅಷ್ಟೆ!" ಎಂದು ಕಿರುಚಿದೆ. "ಸಾಯ್ತಿದ್ವಿ ನಾವು! ಎದೆ ಒಡೆದುಹೋಗೋ ಹೊತ್ತಲ್ಲಿ ಆಮ್ಲೆಟ್ ಮಾಡ್ತಾಳಂತೆ! ಎಲ್ಲಾ ಸುಳ್ಳು. ಅಂಥ ಹೊತ್ತಲ್ಲಿ ಅಡುಗೆ ಯೋಚನೆ ಯಾರಿಗೆ ಬರುತ್ತೆ?"

ಟವೆಲಿನೊಳಗಿಂದ ಸುಧೀರ ಮೆಲ್ಲಗೆ ಹೇಳಿದ: "ಹಗ್ಗ ಹಿಡ್ಕೊಳ್ಳಿ ಅಂತ ಅವರು ಕೂಗ್ತಿದ್ರೆ, ಇವಳು ಮೊದಲು ಬಿಸಿಬೇಳೆಬಾತಿನ ಡಬ್ಬಿ ಅವರ ಕೈಗೆ ಕೊಟ್ಟಳು. ಓರೆ ಮಾಡಬೇಡಿ, ತುಪ್ಪ ಚೆಲ್ಲುತ್ತೆ ಅಂತಲೂ ಹೇಳಿದಳು."

ಡಬ್ಬಿ ಮೇಜಿನ ಮೇಲೇ ಇತ್ತು. ಒಳಗೆ ಒಂದು ಹನಿ ನೀರೂ ಸೇರಿರಲಿಲ್ಲ. ಆಂಟಿ ಎಲ್ಲರಿಗೂ ಬಡಿಸಿದರು. ಸುಧೀರನ ಮುಖ ನೋಡದೆ ನಾನೂ ಒಂದು ತುತ್ತು ಬಾಯಿಗಿಟ್ಟೆ.

ಉಪ್ಪು ಸಾಲದಾಗಿತ್ತು.